ಗಿಡ ಕೇಳಿದ್ದು, ನಾವು ಹೇಳಿದ್ದು: ಗ್ರಾಸ್ ಟ್ರೀ ಬೆಳೆಸುವವರಿಗೆ

ಪ್ರಶ್ನೆ: ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮನೆ ಕೊಂಡಿದ್ದೇವೆ. ಅಂಗಳಕ್ಕೆ ಇಲ್ಲಿನದೇ ಗಿಡ ಬೇಕು, ಅದರಲ್ಲೂ ಗ್ರಾಸ್ ಟ್ರೀ, ಅಂದರೆ ದಪ್ಪ ಕಾಂಡದ ತುದಿಯಲ್ಲಿ ಹುಲ್ಲಿನಂಥ ಎಲೆಗಳ ಜೊಂಪೆ ಇರುವ ಗಿಡ ಬೇಕು ಅಂತ ಆಸೆ. ನರ್ಸರಿಯಲ್ಲಿ ಆಳೆತ್ತರದ ಕಾಂಡ ಇರುವುದೂ ಸಿಗುತ್ತದೆ, ಕುಂಡದಲ್ಲಿ ಬರೀ ಹುಲ್ಲಿನ ಹಾಗೆ ಕಾಣುವ ಪುಟ್ಟದೂ ಸಿಗುತ್ತದೆ. ದುಡ್ಡು ಜಾಸ್ತಿಯಾದರೂ ದೊಡ್ಡದನ್ನೇ ತರೋಣ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಉತ್ತರ: ಪುಟ್ಟದನ್ನೇ ತನ್ನಿ. ನಿಮ್ಮ ಕಡೆ ಸಿಗುವುದು ಹೆಚ್ಚಾಗಿ ಬಾಲ್ಗಾ ಅನ್ನುವ ಜಾತಿಯ ಗ್ರಾಸ್ ಟ್ರೀ, ಅಲ್ಲಿನ ಮೂಲನಿವಾಸಿ ನೂಂಗಾರ್ ಜನ ಇಟ್ಟ ಹೆಸರದು. ಇದರ ಕಾಂಡ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ದೊಡ್ಡದು. ಲೆಕ್ಕ ಹಾಕಿ, ಆಳೆತ್ತರದ ಗಿಡಕ್ಕೆ ನೂರರ ಆಸುಪಾಸು ವಯಸ್ಸು. ಅಂಥದ್ದನ್ನು ಯಾವ ನರ್ಸರಿಯವರೂ ಬೀಜದಿಂದ ಬೆಳೆಸಿರಲು ಸಾಧ್ಯವಿಲ್ಲ, ಕಾಡಿನಿಂದ ಕಿತ್ತು ತಂದಿರುತ್ತಾರೆ. ಹಾಗೆ ಕೀಳಲು ಸರ್ಕಾರದ ಅನುಮತಿ ಬೇಕು. ಕೊಳ್ಳುವುದೇ ಆದರೆ ಎಲ್ಲಿಂದ ಬಂದದ್ದು, ಅನುಮತಿಯ ಗುರುತು ಎಲ್ಲಿ ಅಂತ ಕೇಳಿಯೇ ಕೊಳ್ಳಿ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಕೀಳುವಾಗ ಬೇರುಗಳೆಲ್ಲ ತುಂಡಾಗಿರುತ್ತವೆ, ಆದರೆ ಒಳಗೆ ಕೂಡಿಟ್ಟ ಆಹಾರದ ಬಲದಿಂದ ಎಲೆ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಕಳೆದರೂ ಹಸಿರಾಗೇ ಇರುತ್ತದೆ, ನಾವು ಗಿಡ ಹಿಡಿದುಕೊಂಡಿತು ಅಂದುಕೊಂಡು ನೀರು ನಿಲ್ಲಿಸುತ್ತೇವೆ. ಆಮೇಲೆ ಒಂದು ದಿನ ನಡುವಿನ ಎಳೆ ಎಲೆಗಳನ್ನು ಮೆಲ್ಲಗೆ ಎಳೆದರೆ ಕೈಗೇ ಬರುತ್ತವೆ, ಅವುಗಳ ಬುಡ ಕಂದು ಬಣ್ಣಕ್ಕೆ ತಿರುಗಿ ಕೊಳೆತಿರುತ್ತದೆ. ನೂರು ವರ್ಷ ಬದುಕಿದ್ದ ಜೀವ ನಮ್ಮ ಅಂಗಳದಲ್ಲಿ ಸಾಯಬೇಕಾ? ಈಗಾಗಲೇ ದೊಡ್ಡದನ್ನು ನೆಟ್ಟವರಿದ್ದರೆ ಎರಡು ವರ್ಷವಾದರೂ ತಪ್ಪದೆ ನೀರು ಕೊಡಿ. ನೀರು ಬುಡದಲ್ಲಿ ನಿಲ್ಲಬಾರದು ಅಷ್ಟೇ.

ಪ್ರಶ್ನೆ: ಬೀಜದಿಂದ ಬಂದ ಗಿಡ ನೆಟ್ಟು ಮೂರು ವರ್ಷವಾಯಿತು. ಇನ್ನೂ ಹುಲ್ಲಿನ ಹಾಗೇ ಇದೆ. ಗೊಬ್ಬರ ಹಾಕಲಾ?

ಉತ್ತರ: ದಯವಿಟ್ಟು ಬೇಡ. ಗಿಡ ಚೆನ್ನಾಗಿಯೇ ಇದೆ. ಮೊದಲ ಕೆಲವು ವರ್ಷ ಇದು ಮೇಲಕ್ಕಿಂತ ಕೆಳಗೆ ಬೆಳೆಯುತ್ತದೆ, ಕಾಂಡದ ಬುಡ ಮಣ್ಣೊಳಗೆ ಇಳಿಯುತ್ತದೆ. ಮೇಲೆ ಕಾಂಡ ಕಾಣಲು ಹತ್ತು ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಆ ಕಾಂಡವೂ ನಾವು ಅಂದುಕೊಂಡ ಮರವಲ್ಲ: ಹೊರಗೆ ಕಾಣುವ ದಪ್ಪವೆಲ್ಲ ಉದುರಿದ ಎಲೆಗಳ ಬುಡ ಒಂದರ ಮೇಲೊಂದು ಕೂತು ಅಂಟಿನಿಂದ ಬೆಸೆದುಕೊಂಡದ್ದು. ಬಿದ್ದಿರುವ ಹಳೇ ಗಿಡ ಸಿಕ್ಕರೆ ಹತ್ತಿರದಿಂದ ನೋಡಿ, ಚಪ್ಪಟೆ ಹಲ್ಲುಗಳನ್ನು ಜೋಡಿಸಿಟ್ಟ ಹಾಗಿರುತ್ತದೆ. ಮೂಲನಿವಾಸಿಗಳು ಈ ಅಂಟಿನಿಂದಲೇ ಕೊಡಲಿಯ ಕಲ್ಲನ್ನು ಹಿಡಿಗೆ ಕೂರಿಸುತ್ತಿದ್ದರು.

ಗೊಬ್ಬರ ಯಾಕೆ ಬೇಡ ಅಂದರೆ, ಇದು ಸಾರವಿಲ್ಲದ ಮರಳು ಮಣ್ಣಿಗೆ ಒಗ್ಗಿಕೊಂಡ ಗಿಡ. ರಂಜಕ ಜಾಸ್ತಿಯಿರುವ ಮಾಮೂಲಿ ಗೊಬ್ಬರ ಕೆಡುಕನ್ನೇ ಮಾಡುತ್ತದೆ. ದಿನವಿಡೀ ಬಿಸಿಲು ಇರಲಿ, ಜೇಡಿಮಣ್ಣಾದರೆ ದಿಬ್ಬ ಮಾಡಿ ನೆಡಿ. ಫೈಟಾಫ್ತೊರಾ ಅನ್ನುವ ಬೇರುಕೊಳೆ ರೋಗ ಇದರ ದೊಡ್ಡ ಶತ್ರು, ಅದು ಮಣ್ಣಿನ ಜೊತೆಯೇ ಬರುತ್ತದೆ. ಬೇರೆ ಕಡೆ ಬಳಸಿದ ಗುದ್ದಲಿ, ಬೂಟು ತೊಳೆದೇ ಈ ಗಿಡದ ಹತ್ತಿರ ಹೋಗಿ.

ಪ್ರಶ್ನೆ: ಬೆಂಕಿ ಕೊಟ್ಟರೆ ಹೂ ಬಿಡುತ್ತದಂತೆ, ನಿಜವಾ?

ಉತ್ತರ: ನಿಜ. ಕಾಡ್ಗಿಚ್ಚು ಹಾದುಹೋದ ಮೇಲೆ ಇವು ಒಟ್ಟೊಟ್ಟಿಗೆ ಹೂ ಬಿಡುತ್ತವೆ, ಹೊಗೆಯಲ್ಲಿರುವ ಎಥಿಲೀನ್ ಅನಿಲ ಅದಕ್ಕೆ ಒಂದು ಕಾರಣ. ಹಾಗಂತ ಮನೆಯಲ್ಲಿ ಸುಮ್ನೆ ಬೆಂಕಿ ಹಚ್ಚಬೇಡಿ. ಬೇಸಿಗೆಯಲ್ಲಿ ಬೆಂಕಿ ನಿಷೇಧದ ದಿನಗಳಿರುತ್ತವೆ, ಒಣ ಎಲೆ ಹೊತ್ತಿಕೊಂಡರೆ ಹಿಡಿತಕ್ಕೆ ಸಿಗುವುದಿಲ್ಲ. ವಯಸ್ಸಿಗೆ ಬಂದ ಗಿಡ ಬೆಂಕಿ ಇಲ್ಲದೆಯೂ ಹೂ ಬಿಡುತ್ತದೆ. ಆಗ ನೋಡಬೇಕು, ಹೂಗೊಂಚಲಿನ ಬಿಸಿಲು ಬೀಳುವ ಬದಿ ಮೊದಲು ಅರಳುತ್ತದೆ, ಆ ದೇಶದಲ್ಲಿ ಅದು ಉತ್ತರ ದಿಕ್ಕು. ಜೇನು, ಹಕ್ಕಿ ಎಲ್ಲ ಮೊದಲು ಅಲ್ಲಿಗೇ ಬರುತ್ತವೆ. ಆಮೇಲೆ ಕಾಯಿ ಒಣಗಿ ಕಪ್ಪು ಬೀಜ ಬಂದರೆ ಬಿಡಬೇಡಿ, ತಾಜಾ ಇರುವಾಗಲೇ ಬಿತ್ತಿ, ಯಾವ ಉಪಚಾರವೂ ಇಲ್ಲದೆ ಮೊಳೆಯುತ್ತವೆ.