ಜಾಮೀನು ಸಿಕ್ಕ ದಿನವೇ ಮತ್ತೆ ಬಂಧನ: ನಿವೃತ್ತ ಪ್ರಾಸಿಕ್ಯೂಟರೊಬ್ಬರ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಬಡಾವಣೆ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದವರು ಎಪ್ಪತ್ತು ದಾಟಿದ ಹಿರಿಯರು, ಜೊತೆಗೆ ಹೆಂಡತಿ. ದೂರು ಹೇಳಿದ್ದು ಹೆಂಡತಿ: "ರಾತ್ರಿ ಮೂರಕ್ಕೆ ಎದ್ದು ಚಿಲಕ ಮುಟ್ಟಿ ನೋಡ್ತಾರೆ ಮೇಡಂ, ನಾಲ್ಕೈದು ಸಲ. ಕೊರಿಯರ್ ಹುಡುಗ ಬೆಲ್ ಮಾಡಿದ್ರೂ ಒಳಗಿನ ರೂಮಿಗೆ ಹೋಗಿ ನಿಂತ್ಕೋತಾರೆ." ಅವರು ಮಾತ್ರ "ವಯಸ್ಸಾಯ್ತಲ್ಲ" ಎಂದು ನಕ್ಕು ಸುಮ್ಮನಾದರು. ಶುರುವಾಗಿದ್ದು 2025ರ ಜೂನ್‌ನಲ್ಲಿ. ತುರ್ತು ಪರಿಸ್ಥಿತಿಗೆ 50 ವರ್ಷವಾಯಿತೆಂದು ಚಾನೆಲ್‌ನವರು ಅವರನ್ನು ಫ್ರೀಡಂ ಪಾರ್ಕಿಗೆ, ಅಂದರೆ ಹಳೆಯ ಸೆಂಟ್ರಲ್ ಜೈಲಿಗೆ, ಕರೆದೊಯ್ದು ಮಾತಾಡಿಸಿದ್ದರು.

1975ರ ನವೆಂಬರ್ ಸತ್ಯಾಗ್ರಹದಲ್ಲಿ ಕರಪತ್ರ ಹಂಚುವಾಗ ಡಿಐಆರ್ (ಭಾರತ ರಕ್ಷಣಾ ನಿಯಮಗಳು) ಅಡಿ ಸಿಕ್ಕಿಬಿದ್ದ ವಿದ್ಯಾರ್ಥಿ ಇವರು. ಜಾಮೀನು ಸಿಕ್ಕಿತು, ಗೇಟು ದಾಟುವಷ್ಟರಲ್ಲಿ ಮೀಸಾ (ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಆಂತರಿಕ ಭದ್ರತಾ ಕಾಯ್ದೆ) ಆದೇಶ ಕೈಗಿತ್ತು ಮತ್ತೆ ಒಳಕ್ಕೆ. ಆಗ ಇದು ಅಪರೂಪವೇನಲ್ಲ. ಮೀಸಾದಲ್ಲಿ ಬಂಧನದ ಕಾರಣವನ್ನೇ ಹೇಳಬೇಕಿರಲಿಲ್ಲ. 1976ರ ಏಪ್ರಿಲ್ 28ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿಯ ದಾರಿಯೂ ಮುಚ್ಚಿತು. 1977ರಲ್ಲಿ ಹೊರಬಂದು ಕಾನೂನು ಓದಿ, ಮುಂದೆ ಸರ್ಕಾರಿ ಅಭಿಯೋಜಕರಾದರು (ಪ್ರಾಸಿಕ್ಯೂಟರ್). ಜಾಮೀನು ಅರ್ಜಿಗಳಿಗೆ ತಕರಾರು ಹಾಕುವುದು ನಿತ್ಯದ ಕೆಲಸವಾಯಿತು.

ಮೊದಲು ಮೈ, ಆಮೇಲೆ ಮನಸ್ಸು. ರಾತ್ರಿ ಏಳುವುದೆಲ್ಲ ನೆನಪಿನ ಕಾಟವಲ್ಲ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅವರು ರಾತ್ರಿ ನುಂಗುತ್ತಿದ್ದರು. ವೈದ್ಯರು ಅದನ್ನು ಬೆಳಿಗ್ಗೆಗೆ ಬದಲಿಸಿದರು, ಪ್ರಾಸ್ಟೇಟ್ ಪರೀಕ್ಷೆಯೂ ಆಯಿತು. ಹಳೆಯ ಚೀಟಿ ತೋರಿಸಿ ತಂದ ಆಲ್ಪ್ರಜೋಲಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ಬೇರೆ ಇತ್ತು. ಈ ವಯಸ್ಸಿನಲ್ಲಿ ಅದರಿಂದ ಬಿದ್ದು ಸೊಂಟ ಮುರಿಯುವ ಭಯ. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಇನ್ನೂ ಕೆಡುತ್ತದೆ, ನಡುಕವೂ ಬರಬಹುದು. ಮನೋವೈದ್ಯರೇ ಹಂತಹಂತವಾಗಿ ಇಳಿಸಿದರು. ಆಘಾತದ ಲಕ್ಷಣ ಅಳೆಯುವ 20 ಪ್ರಶ್ನೆಗಳ ಪಟ್ಟಿಯಲ್ಲಿ 80ಕ್ಕೆ 46 ಬಂತು. 31ರಿಂದ 33 ದಾಟಿದರೆ ಕೂಲಂಕಷವಾಗಿ ನೋಡಲೇಬೇಕು.

ಇಲ್ಲಿ ಎರಡು ಎಳೆಗಳಿವೆ. ಒಂದು ಗೇಟಿನ ಭಯ, ಇನ್ನೊಂದು ಅಭಿಯೋಜಕರ ಪಾಪಪ್ರಜ್ಞೆ. ಒಂದೇ ಸಿಟ್ಟಿಂಗಿನಲ್ಲಿ ಎರಡನ್ನೂ ಕೆದಕಿದರೆ ಯಾವುದೂ ಬಗೆಹರಿಯುವುದಿಲ್ಲ. ಭಯ ಮೊದಲು.

ಅದಕ್ಕೆ ಬಳಸಿದ್ದು ಬದುಕನ್ನು ಹಗ್ಗದ ಮೇಲೆ ಜೋಡಿಸುವ ವಿಧಾನ. ನೆಲದ ಮೇಲೆ ಹಗ್ಗ ಹಾಸಿ, ಹುಟ್ಟಿನಿಂದ ಇಂದಿನವರೆಗೆ ಒಳ್ಳೆಯದಕ್ಕೆ ಹೂವು, ಕೆಟ್ಟದ್ದಕ್ಕೆ ಕಲ್ಲು ಇಡಬೇಕು. ಆಮೇಲೆ 90 ನಿಮಿಷದ ಒಂದೊಂದು ಭೇಟಿಯಲ್ಲಿ ಒಂದೊಂದು ಕಲ್ಲಿನ ಕಥೆ. ಸಲಹೆಗಾರರು ಅದನ್ನು ಬರೆದು ಮುಂದಿನ ಭೇಟಿಯಲ್ಲಿ ಓದಿ ಹೇಳಬೇಕು. ಬಂಧನದ ವರ್ಷಗಳಿಗೆ ಅವರು ಇಟ್ಟದ್ದು ಒಂದೇ ಕಲ್ಲು, ಅದೂ ಗೇಟಿನ ಜಾಗಕ್ಕೆ. ಬ್ಯಾರಕ್ಕಿನ ದಿನಗಳಿಗೆ ಹೂವು: ಅಲ್ಲಿ ಸಂಗಾತಿಗಳಿದ್ದರು, ಪಾಠ ನಡೆಯುತ್ತಿತ್ತು.

ಎಡವಟ್ಟಾದದ್ದು ಎರಡು ಕಡೆ. ಕಣ್ಣು ಮುಚ್ಚಿ ಉಸಿರಾಡಿ ಎಂದದ್ದು ತಪ್ಪು. ಮುಚ್ಚಿದೊಡನೆ ಬೀಗದ ಸದ್ದು ಕೇಳಿಸಿತು. ಕಣ್ಣು ತೆರೆದೇ, ಪಾದ ನೆಲಕ್ಕೆ ಒತ್ತಿ, ಎದುರಿನ ಕ್ಯಾಲೆಂಡರಿನ ಇಸವಿ ಓದಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಅವರು ಚಾರ್ಜ್‌ಶೀಟ್ ಭಾಷೆಯಲ್ಲೇ ಹೇಳುತ್ತಿದ್ದರು: "ಸದರಿಯವರನ್ನು ವಶಕ್ಕೆ ಪಡೆಯಲಾಯಿತು." ಹೀಗೆ ಹತ್ತು ಸಲ ಹೇಳಿದರೂ ಭಯ ಇಳಿಯದು. ಕೈಯಲ್ಲಿ ಏನಿತ್ತು, ಯಾವ ವಾಸನೆ ಎಂದು ಕೇಳಬೇಕಾಯಿತು. "ಬಟ್ಟೆ ಗಂಟು. ಅಣ್ಣ ಆಚೆ ಸೈಕಲ್ ಹಿಡ್ಕೊಂಡು ನಿಂತಿದ್ದ." ನಡುಕ ಬಂದದ್ದು ಸೈಕಲ್ಲಿನ ಮಾತಿಗೆ. ಆಗ ಗಡಿಯಾರ ನೋಡಿ ಮುಗಿಸುವಂತಿಲ್ಲ. ಭಯ ಏರಿ ಇಳಿಯುವವರೆಗೂ ಕೂರಬೇಕು. ಮಧ್ಯೆ ಎಬ್ಬಿಸಿ ಕಳಿಸಿದರೆ ರಾತ್ರಿ ದುಪ್ಪಟ್ಟು ಕಾಡುತ್ತದೆ.

ಐದನೇ ಭೇಟಿಯ ನಂತರವೇ ಎರಡನೇ ಎಳೆ. ಒಬ್ಬ ವಿದ್ಯಾರ್ಥಿಯ ಜಾಮೀನಿಗೆ ಅವರು ತಕರಾರು ಹಾಕಿದ್ದರು. ಹುಡುಗ ತಿಂಗಳುಗಟ್ಟಲೆ ಒಳಗಿದ್ದ. "ನೀವು ಕರ್ತವ್ಯ ಮಾಡಿದಿರಿ ಅಷ್ಟೇ" ಎಂಬ ಸಮಾಧಾನ ನಮ್ಮ ವೃತ್ತಿಯವರು ಮಾಡುವ ದೊಡ್ಡ ತಪ್ಪು. ಕೇಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾರ ಹೊಣೆ ಎಷ್ಟೆಂದು ನೋಡಲು ಕಾಗದದ ಮೇಲೆ ಒಂದು ವೃತ್ತ ಬರೆಸಲಾಯಿತು: ತನಿಖಾಧಿಕಾರಿ, ಮ್ಯಾಜಿಸ್ಟ್ರೇಟ್, ಕಾನೂನು, ಎಲ್ಲರ ಪಾಲು ಮೊದಲು, ಅವರದು ಕೊನೆಗೆ. ಇಡೀ ವೃತ್ತ ತನ್ನದೆಂದವರಿಗೆ ಆರನೇ ಒಂದು ಭಾಗ ಉಳಿಯಿತು. ನ್ಯಾಯಾಲಯದ ವಿವೇಚನೆಗೆ ಬಿಡುತ್ತೇನೆ ಎನ್ನಬಹುದಿತ್ತು, ಎನ್ನಲಿಲ್ಲ, ಅಷ್ಟು ಅವರದೇ. ಅದಕ್ಕೆ ಕೈಲಾದ ಕೆಲಸ: ಕಿರಿಯ ವಕೀಲರಿಗೆ ತಿಂಗಳಿಗೆರಡು ಶನಿವಾರ ಡಿಫಾಲ್ಟ್ ಜಾಮೀನಿನ (ಗಡುವಿನೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಹಕ್ಕಾಗಿ ಸಿಗುವ ಜಾಮೀನು) ಲೆಕ್ಕ ಹೇಳಿಕೊಡುವುದು. ಪ್ರಕರಣಕ್ಕೆ ತಕ್ಕಂತೆ 60 ಅಥವಾ 90 ದಿನ. ಎಣಿಕೆ ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟ್ ಮೊದಲು ಕಸ್ಟಡಿಗೆ ಒಪ್ಪಿಸಿದ (ರಿಮಾಂಡ್) ದಿನದಿಂದ, ಆ ದಿನವನ್ನೂ ಸೇರಿಸಿ. ಜೈಲಿಗೇ ಹೋಗಿ ಕಲಿಸುತ್ತೇನೆ ಎಂದರು; ಸದ್ಯಕ್ಕೆ ಬೇಡವೆಂದೆವು.

ಮನೆಯವರಿಗೆ ಹೇಳಿದ್ದು: ಬಾಗಿಲು ಬಡಿಯದೆ ಕೆಳಗಿನಿಂದಲೇ ಫೋನ್ ಮಾಡಿ ಬನ್ನಿ. ಮಲಗಿದವರನ್ನು ಭುಜ ಹಿಡಿದು ಅಲುಗಿಸಬೇಡಿ, ಕಾಲ ಬಳಿ ನಿಂತು ಹೆಸರೋ "ರೀ" ಎಂದೋ ಕರೆಯಿರಿ. ಚಿಲಕ ನೋಡಬೇಡಿ ಎಂದು ಗದರಬೇಡಿ. ಐದು ಸಲವನ್ನು ವಾರಕ್ಕೊಂದರಂತೆ ಇಳಿಸೋಣ. ನಡುರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಒಂಬತ್ತನೇ ಭೇಟಿಯಲ್ಲಿ ಬರಹವನ್ನು ಪೂರ್ತಿ ಓದಿ ಹೇಳಿದಾಗ ಎರಡು ಕಡೆ ತಿದ್ದಿಸಿ, ಸಾಕ್ಷಿ ಹೇಳಿಕೆಗೆ ಹಾಕುವಂತೆ ಪ್ರತಿ ಪುಟದ ಕೆಳಗೂ ಸಹಿ ಹಾಕಿದರು. ಪಟ್ಟಿಯಲ್ಲಿ ಅಂಕ 27. ಚಿಲಕವನ್ನು ಈಗ ಒಂದೇ ಸಲ ನೋಡುತ್ತಾರೆ. ಚಾನೆಲ್‌ನವರು ಮತ್ತೆ ಕರೆದರೆ ಮಾತು ಮನೆಯಲ್ಲೇ, ಹಗಲಲ್ಲೇ, ಅರ್ಧ ಗಂಟೆ. ಪ್ರಶ್ನೆಗಳು ಮುಂಚೆಯೇ ಕೈಗೆ ಬರಬೇಕು.