ಚಕ್ಕೋತದ ಎಲೆ ಕಪ್ಪಾಗಿದೆ, ಬಿಳಿ ಹುಳುಗಳೂ ಓಡಾಡುತ್ತಿವೆ: ಯಾವ ಔಷಧಿ ಹೊಡೆಯಲಿ?

ಆ ಬಿಳಿ ಹುಳುಗಳನ್ನು ಸರಿಯಾಗಿ ನೋಡುವವರೆಗೆ ಏನನ್ನೂ ಹೊಡೆಯಬೇಡಿ. ನೀವು ದೇವನಹಳ್ಳಿಯಲ್ಲಿ ಕಾಣುತ್ತಿರುವುದನ್ನೇ ನಾನು ದೊಡ್ಡಬಳ್ಳಾಪುರ ರಸ್ತೆಯ ನಮ್ಮ ನಿಂಬೆ ತೋಟದಲ್ಲಿ ಕಂಡಿದ್ದೆ. ಎಲೆಯ ಮೇಲೆ ಮಸಿ, ಕಾಂಡದುದ್ದಕ್ಕೂ ಇರುವೆ ಸಾಲು, ಎಲೆ ಮಗುಚಿದರೆ ನಡುನರದ ಪಕ್ಕ ಹುರುಪೆಯಂತೆ ಅಂಟಿಕೊಂಡು ರಸ ಹೀರುವ ಹಸಿರು ಶಲ್ಕ ಕೀಟಗಳು, ಅವುಗಳ ಹಿಂಬದಿಯಲ್ಲಿ ಹತ್ತಿಯಂಥ ಮೊಟ್ಟೆಚೀಲ. ನಡುವೆ ಬಿಳಿ ಮೇಣದ ಎಳೆ ಹೊದ್ದ ಹುಳುಗಳು. ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಹಿಟ್ಟು ತಿಗಣೆಯೂ ಬಂದಿದೆ ಎಂದುಕೊಂಡು, ಅಂಗಡಿಯಲ್ಲಿ ಕೊಟ್ಟ ಕೀಟನಾಶಕವನ್ನು ಇಡೀ ತೋಟಕ್ಕೆ ಹೊಡೆಸಿದೆ.

ಅದು ಹಿಟ್ಟು ತಿಗಣೆಯಾಗಿರಲಿಲ್ಲ, ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿಯ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಕೀಟ ಇದು. ಹಿಟ್ಟು ತಿಗಣೆಯನ್ನೂ ಶಲ್ಕ ಕೀಟದ ಆ ಬಿಳಿ ಮೊಟ್ಟೆಚೀಲವನ್ನೂ ತಿಂದು ಬದುಕುತ್ತದೆ. ಔಷಧಿ ಬಿದ್ದಾಗ ಬಯಲಿನಲ್ಲಿ ಓಡಾಡುತ್ತಿದ್ದದ್ದು ಅದು, ಸತ್ತದ್ದೂ ಅದೇ. ಶಲ್ಕ ಕೀಟದ ಮೊಟ್ಟೆಗಳು ಮೇಣದ ಚೀಲದೊಳಗೆ ಉಳಿದವು. ಅವು ಒಡೆದು ಮರಿಗಳು ಹೊರಬಂದಾಗ ತಿನ್ನುವವರು ಯಾರೂ ಇರಲಿಲ್ಲ. ಆ ಫಸಲಿನ ಕಾಯಿಗಳು ಮಸಿ ಹಿಡಿದು ಅರ್ಧ ಬೆಲೆಗೂ ಹೋಗಲಿಲ್ಲ. ಒಂದು ಕೊಂಬೆಯನ್ನು ಚೀಲದಲ್ಲಿ ಹಾಕಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ (ಜಿಕೆವಿಕೆ) ಒಯ್ದು ತೋರಿಸಿದ್ದರೆ ಇಷ್ಟೂ ತಪ್ಪುತ್ತಿತ್ತು. ಒಯ್ದದ್ದು ಎಲ್ಲ ಮುಗಿದ ಮೇಲೆ.

ಕಡ್ಡಿಯಿಂದ ಮುಟ್ಟಿ ನೋಡಿ. ಚುರುಕಾಗಿ ನಡೆದು ಹೋದರೆ, ಹಿಟ್ಟು ತಿಗಣೆಗಿಂತ ದೊಡ್ಡದಾಗಿದ್ದು ಮೇಣದ ಎಳೆಗಳು ಉದ್ದವಾಗಿದ್ದರೆ, ಅದು ನಿಮಗೆ ನೆರವಾಗುವ ಗುಲಗಂಜಿ ಹುಳುವಿನ ಮರಿ. ಬಿಟ್ಟುಬಿಡಿ.

ಕಪ್ಪಿಗೆ ಶಿಲೀಂಧ್ರನಾಶಕ ಬೇಕೇ ಎಂದೂ ಕೇಳಿದ್ದೀರಿ. ಬೇಡವೇ ಬೇಡ. ಕೀಟ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು, ಎಲೆಯೊಳಗಿನ ರೋಗವಲ್ಲ. ಅಂಟು ನಿಂತರೆ ಅದೂ ನಿಲ್ಲುತ್ತದೆ.

ನನ್ನ ಮಟ್ಟಿಗೆ ಮೊದಲ ಕೆಲಸ ಇರುವೆಯದ್ದು. ಆ ಸಿಹಿಗಾಗಿ ಅವು ಶಲ್ಕ ಕೀಟಗಳನ್ನು ಕಾಯುತ್ತವೆ, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ನೆಲಕ್ಕೆ, ಬೇಲಿಗೆ ತಾಗುವ ಕೊಂಬೆಗಳನ್ನು ಕತ್ತರಿಸಿ. ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ. ತೊಗಟೆಗೆ ನೇರವಾಗಿ ಬಳಿಯಬೇಡಿ. ತೀರಾ ಹಾಳಾದ ಕೊಂಬೆಗಳನ್ನು ಕಡಿದು ಸುಡಿ, ಆದರೆ ಬಿಳಿ ಮರಿಗಳಿದ್ದರೆ ಮೊದಲು ಅವನ್ನು ಬೇರೆ ಕೊಂಬೆಗೆ ದಾಟಿಸಿ.

ಇಷ್ಟಾದರೂ ಕೀಟ ಹೆಚ್ಚುತ್ತಿದ್ದರೆ ಮಾತ್ರ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಬೆರೆಸಿ, ಬಿಸಿಲು ಇಳಿದ ಮೇಲೆ, ಎಲೆಯ ಕೆಳಭಾಗ ನೆನೆಯುವಂತೆ ಸಿಂಪಡಿಸಿ. ಅದೂ ಶಲ್ಕ ಕೀಟದ ಮರಿಗಳು ಹೊರಬರುವ ಹೊತ್ತಿಗೆ. ಕೊಂಬೆಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿಡಿ; ಹಳದಿ ಚುಕ್ಕೆಗಳಂತೆ ಮರಿಗಳು ಅದಕ್ಕೆ ಸಿಕ್ಕಿಕೊಂಡ ದಿನವೇ ಸರಿಯಾದ ಸಮಯ. ಗುಲಗಂಜಿ ಹುಳುಗಳು ಕಡಿಮೆ ಎನಿಸಿದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ, ನಿಮಗೆ ದೂರವೇನಲ್ಲ.