ಬ್ಯಾಚಿನ ಪಟ್ಟಿ ಮಾಡುವಾಗ ಫೇಲಾದವರನ್ನು ಬಿಡಬೇಡಿ

ನೀವು ಕೇಳಿದ್ದು ಇಷ್ಟು: ಊರಿನ ಹೈಸ್ಕೂಲಿನಲ್ಲಿ ಜೊತೆಗೆ ಎಸ್ಸೆಸ್ಸೆಲ್ಸಿ ಓದಿದವರನ್ನೆಲ್ಲ ನೆನಪಿಸಿಕೊಂಡು ಒಂದು ಪಟ್ಟಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಶಾಲೆಯ ದಾಖಲಾತಿ ಪುಸ್ತಕದಿಂದ ಶುರು ಮಾಡಿ. ವಾಟ್ಸಾಪ್ ಗ್ರೂಪು ಆಮೇಲೆ. ಗ್ರೂಪಿಗೆ ಮೊದಲು ಬರುವವರು ಬೆಂಗಳೂರು ಸೇರಿದವರು, ಮೇಷ್ಟ್ರಾದವರು, ಬ್ಯಾಂಕಿನವರು. ಅವರು ತಮ್ಮ ತಮ್ಮ ಗೆಳೆಯರನ್ನೇ ಸೇರಿಸುತ್ತಾರೆ. ಪಟ್ಟಿ ಅಲ್ಲಿಗೇ ನಿಂತುಬಿಡುತ್ತದೆ.

ನಮ್ಮದು ಸಾಗರ, 1996ರ ಬ್ಯಾಚು. 625ಕ್ಕೆ ಯಾರಿಗೆ ಎಷ್ಟು ಬಂತು ಅನ್ನೋದು ಆಗ ಇಡೀ ಕೇರಿಗೆ ಗೊತ್ತಿರುತ್ತಿತ್ತು. ಫೇಲಾದವರು ಮಾತ್ರ ಆ ದಿನದಿಂದಲೇ ಕಣ್ಣಿಗೆ ಬೀಳುತ್ತಿರಲಿಲ್ಲ. ಗುಡಿಗಾರರ ಮನೆಯ ಹುಡುಗನೊಬ್ಬ ನಮ್ಮ ಜೊತೆ ಇದ್ದ. ಸಾಗರದ ಗಂಧದ ಕೆತ್ತನೆ ನಿಮಗೂ ಗೊತ್ತಿರಬೇಕು, ಅದು ಅವರ ಮನೆತನದ ಕೆಲಸ. ಪಾಠ ನಡೆಯುವಾಗ ಡಿವೈಡರಿನ ಮೊನೆಯಿಂದ ಸೀಮೆಸುಣ್ಣದ ತುಂಡಿನಲ್ಲಿ ಆನೆ ಕೆತ್ತುತ್ತಿದ್ದ. ಸೊಂಡಿಲಿನ ಸುಕ್ಕು, ಕಿವಿಯ ಮಡಿಕೆ, ಎಲ್ಲವೂ ಇರುತ್ತಿತ್ತು. ಗಣಿತದ ಮೇಷ್ಟ್ರು ಒಂದನ್ನು ಕಸಿದುಕೊಂಡರು, ಬೈಯಲಿಲ್ಲ, ಜೇಬಿಗೆ ಹಾಕಿಕೊಂಡು ಹೋದರು. ಆ ಹುಡುಗ ಗಣಿತದಲ್ಲೇ ಹೋದ. ಗೆಳೆಯರು ಸೇರಿ ಮಾಡಿದ ಮೊದಲ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. 35 ಅಂಕ ಬರಲಿಲ್ಲ ಅಂದ ಮಾತ್ರಕ್ಕೆ ಅವನು ನಮ್ಮ ಕ್ಲಾಸಿನವನಲ್ಲವಾ? ನನಗೆ ಈ ವಿಷಯದಲ್ಲಿ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹತ್ತನೇ ಕ್ಲಾಸಿನ ನಡುವೆಯೇ ಬಿಟ್ಟವರೂ ಇದ್ದರು. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕಡೆ ರಾತ್ರಿಯೆಲ್ಲ ಸುಲಿಯುವ ಕೆಲಸ. ಕೆಲವರು ಬೆರಳಿಗೆ ಅಡಿಕೆ ಕರೆ ಹತ್ತಿಸಿಕೊಂಡು, ತೂಕಡಿಸುತ್ತಾ ಬರುತ್ತಿದ್ದರು. ಕೊಯ್ಲು ಮುಗಿದರೂ ಬಾರದವರು ಇದ್ದರು. ಇವರೆಲ್ಲ ಸಿಗೋದು ದಾಖಲಾತಿ ಪುಸ್ತಕದಲ್ಲೇ. ಅದರಲ್ಲಿ ಹೆಸರು, ಅಪ್ಪನ ಹೆಸರು, ಊರು, ಶಾಲೆ ಬಿಟ್ಟ ದಿನ ಇರುತ್ತದೆ. ಹೆಡ್ ಮಾಸ್ಟರಿಗೆ ಒಂದು ಪತ್ರ ಬರೆದು, ಇಬ್ಬರು ಮೂವರು ಒಟ್ಟಿಗೆ ಹೋಗಿ ಕೇಳಿ. ಪುಟಗಳ ಫೋಟೋ ತೆಗೆಯಬೇಡಿ, ಜಾತಿ, ಹುಟ್ಟಿದ ದಿನ ಎಲ್ಲ ಅದರಲ್ಲಿರುತ್ತೆ. ಹೆಸರು, ಊರು ಅಷ್ಟೇ ಬರೆದುಕೊಂಡರೆ ಸಾಕು.

ಹುಡುಗಿಯರನ್ನು ಹುಡುಕೋದು ಕಷ್ಟ ಜಾಸ್ತಿ. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗಿರುತ್ತದೆ, ಕೆಲವರಿಗೆ ಹೆಸರೇ ಬದಲು. ಫೇಸ್‌ಬುಕ್ಕಿನಲ್ಲಿ ಸುಮ್ನೆ ಹುಡುಕಬೇಡಿ, ತವರುಮನೆಯಲ್ಲಿ ವಿಚಾರಿಸಿ. ನಿಮ್ಮ ನಂಬರು ಕೊಟ್ಟು ಬನ್ನಿ, ಮನಸ್ಸಿದ್ದರೆ ಅವರೇ ಫೋನ್ ಮಾಡುತ್ತಾರೆ. ಎಲ್ಲರೂ ಸೇರುವ ದಿನವನ್ನು ಊರ ಜಾತ್ರೆಗೆ ಹೊಂದಿಸಿ. ಸಾಗರದ ಮಾರಿಜಾತ್ರೆ 3 ವರ್ಷಕ್ಕೊಮ್ಮೆ, ಶಿರಸಿಯದು 2 ವರ್ಷಕ್ಕೊಮ್ಮೆ. ಆಗ ಹೆಣ್ಣುಮಕ್ಕಳು ಹೇಗೂ ತವರಿಗೆ ಬಂದಿರುತ್ತಾರೆ. ಸೆಪ್ಟೆಂಬರ್ 5 ಶಿಕ್ಷಕರ ದಿನ ಅಂತ ಹಲವರು ಅವತ್ತೇ ಗುರುವಂದನೆ ಇಟ್ಟುಕೊಳ್ಳುತ್ತಾರೆ. ಮಲೆನಾಡಿನ ಆ ಮಳೆಯಲ್ಲಿ ವಯಸ್ಸಾದ ಮೇಷ್ಟ್ರನ್ನು ಕರೆಸೋದು ಬೇಡ ಅಂತ ನನ್ನ ಅಭಿಪ್ರಾಯ.

ತೀರಿಹೋದವರ ಹೆಸರನ್ನು ಬೇರೆ ಪುಟಕ್ಕೆ ಹಾಕಬೇಡಿ. ಹಾಜರಿ ಕೂಗುತ್ತಿದ್ದ ಕ್ರಮದಲ್ಲೇ, ಅವರವರ ಜಾಗದಲ್ಲೇ ಇರಲಿ. ಗ್ರೂಪ್ ಫೋಟೋ ಸಿಕ್ಕರೆ ಒಂದು ಪ್ರತಿ ತೆಗೆಸಿ ಅವರ ಮನೆಗೆ ಕೊಟ್ಟು ಬನ್ನಿ. ಎಷ್ಟೋ ಮನೆಗಳಲ್ಲಿ ಆ ವಯಸ್ಸಿನ ಒಂದು ಫೋಟೋ ಕೂಡ ಇರುವುದಿಲ್ಲ.